ಫೋನು ಎಂತೋ ಕೇಳ್ತಾ ಇದ್ದು

ಕಳೆದ ಆಷಾಢದ ಒಂದು ಬೆಳಿಗ್ಗೆ, ರಾಗಿಹೊಸಳ್ಳಿಯ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಮನೆಯ ಲ್ಯಾಂಡ್‌ಲೈನಿನಿಂದ ಕರೆ ಮಾಡಿದರು. ಅವರ ಕಾಲಿನ ಹುಣ್ಣು ಎರಡು ತಿಂಗಳಾದರೂ ಮಾಯದಿದ್ದುದರಿಂದ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೋರಿಸಿ ಬಂದಿದ್ದೆವು. ಮಳೆಗಾಲದಲ್ಲಿ ಮತ್ತೆ ಘಟ್ಟದ ಮೇಲಿನ ದಾರಿಯಲ್ಲಿ ಅಷ್ಟು ದೂರ ಬರುವುದು ಬೇಡ, ಮುಂದಿನ ಸಲ ವಿಡಿಯೊದಲ್ಲೇ ನೋಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿ ಕಳುಹಿಸಿದ್ದರು. ಅಂದು ಬೆಳಿಗ್ಗೆ ಆ ಭೇಟಿಯ ಲಿಂಕು ಅತ್ತೆಯ ಫೋನಿಗೆ ಬಂದಿತ್ತು. ಅವರು ಅದನ್ನು ಒತ್ತಿದ್ದರು, ಪುಟ ತೆರೆದುಕೊಂಡಿತ್ತು.

‘ಮಾಣಿ, ಫೋನು ಎಂತೋ ಕೇಳ್ತಾ ಇದ್ದು. ಹೌದು ಹೇಳವನಾ, ಬ್ಯಾಡ ಹೇಳವನಾ?’

ಏನು ಕೇಳುತ್ತಿದೆ ಎಂದು ನಾನು ವಿಚಾರಿಸುವಷ್ಟರಲ್ಲಿ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ‘ಬ್ಯಾಡ ಹೇಳಿ ಒತ್ತಿದಿ’ ಎಂದರು. ಬೆಂಗಳೂರಿನಲ್ಲಿರುವ ಮೊಮ್ಮಗ ಹೋದ ದೀಪಾವಳಿಗೆ ಬಂದಾಗ, ಫೋನು ಏನೇ ಅನುಮತಿ ಕೇಳಿದರೂ ಕೊಡಬೇಡ, ಬ್ಯಾಂಕಿನ ದುಡ್ಡು ಹೋಗುತ್ತದೆ ಎಂದು ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದನಂತೆ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ, ಅತ್ತೆ ಪಾಲಿಸಿದ್ದರಲ್ಲಿಯೂ ತಪ್ಪಿಲ್ಲ. ಆದರೆ ಪರದೆಯ ಮೇಲೆ ಈಗ ಕಪ್ಪು ಚೌಕವೊಂದು ನಿಂತಿತ್ತು. ಅದರ ಕೆಳಗೆ ‘ದೋಷ ಉಂಟಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಸಾಲು ಇತ್ತು. ಅತ್ತೆ ಐದಾರು ಸಲ ಪ್ರಯತ್ನಿಸಿದರು. ಫೋನು ಮತ್ತೆ ಏನನ್ನೂ ಕೇಳಲಿಲ್ಲ.

ಜಾಲಪುಟಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ಶಿರಸಿಯ ಮನೆಯಲ್ಲಿ ಕುಳಿತು ಇದೇ ಬಗೆಯ ಪುಟವೊಂದನ್ನು ನಾನೂ ಬರೆದಿದ್ದೇನೆ. ಅದರಲ್ಲಿ ಇದೇ ತಪ್ಪನ್ನು ಮಾಡಿ ತಿದ್ದಿಕೊಂಡಿದ್ದೇನೆ. ಹಾಗಾಗಿ ಅತ್ತೆಯ ಫೋನಿನಲ್ಲಿ ಏನಾಗಿದೆ ಎಂಬುದು ಆ ಕ್ಷಣವೇ ತಿಳಿಯಿತು. ಆದರೆ ಇಪ್ಪತ್ತು ನಿಮಿಷ ಮಾತಾಡಿದರೂ ಅದನ್ನು ಲ್ಯಾಂಡ್‌ಲೈನಿನಲ್ಲಿ ಸರಿಪಡಿಸಲು ನನ್ನಿಂದ ಆಗಲಿಲ್ಲ.

ಬ್ರೌಸರಿನಲ್ಲಿ ತೆರೆದ ಪುಟವೊಂದು ಕ್ಯಾಮೆರಾ ಅಥವಾ ಮೈಕನ್ನು ತಾನಾಗಿ ಮುಟ್ಟುವಂತಿಲ್ಲ. ‘ಗೆಟ್ ಯೂಸರ್ ಮೀಡಿಯಾ’ ಎಂಬ ಆಜ್ಞೆಯ ಮೂಲಕ ಅದು ಬ್ರೌಸರನ್ನು ಕೇಳಬೇಕು. ಬ್ರೌಸರು ನಮ್ಮನ್ನು ಕೇಳುತ್ತದೆ. ನಾವು ‘ಅನುಮತಿಸಿ’ ಎಂದು ಒತ್ತಿದರೆ ಪುಟದ ಕೈಗೆ ದೃಶ್ಯ ಮತ್ತು ಧ್ವನಿಯ ಹರಿವು ಸಿಗುತ್ತದೆ. ‘ನಿರ್ಬಂಧಿಸಿ’ ಎಂದು ಒತ್ತಿದರೆ ‘ನಾಟ್ ಅಲೌಡ್ ಎರರ್’ ಎಂಬ ಹೆಸರಿನ ದೋಷ ಸಿಗುತ್ತದೆ. ಆಂಡ್ರಾಯ್ಡಿನ ಕ್ರೋಮ್ ಆ ನಿರಾಕರಣೆಯನ್ನು ಆ ತಾಣದ ಹೆಸರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಪುಟ ನೂರು ಸಲ ಕೇಳಿದರೂ ಬ್ರೌಸರು ನಮ್ಮವರೆಗೆ ಆ ಪ್ರಶ್ನೆಯನ್ನು ತರದೆ, ತಾನೇ ಒಳಗಿನಿಂದ ಇಲ್ಲವೆಂದು ಹೇಳಿ ಕಳುಹಿಸುತ್ತದೆ. ಪುಟವೇ ಬ್ರೌಸರಿನ ಸೆಟ್ಟಿಂಗನ್ನು ತೆರೆದು ತೋರಿಸುವುದಕ್ಕೂ ದಾರಿಯಿಲ್ಲ. ಬಳಸುವವರೇ ಒಳಹೊಕ್ಕು ಬದಲಾಯಿಸಬೇಕು. ಇದು ಒಳ್ಳೆಯ ಏರ್ಪಾಡು. ಇಲ್ಲವಾದರೆ ಬೇಡವೆಂದವರನ್ನು ಹೌದೆನ್ನುವವರೆಗೂ ಪೀಡಿಸುವ ಪುಟಗಳು ಎಷ್ಟೋ ಹುಟ್ಟಿಕೊಳ್ಳುತ್ತಿದ್ದವು. ಆದರೆ ಪುಟ ಬರೆಯುವವನ ಪಾಲಿಗೆ ಇದರ ಅರ್ಥ, ಕೇಳುವ ಅವಕಾಶ ಅವನಿಗೆ ಹೆಚ್ಚುಕಡಿಮೆ ಒಂದೇ ಸಲ ಸಿಗುತ್ತದೆ ಎಂಬುದು. ಆಸ್ಪತ್ರೆಯ ಪುಟ ಆ ಒಂದು ಅವಕಾಶವನ್ನು, ಅತ್ತೆ ಪುಟದ ಮೊದಲ ಸಾಲನ್ನು ಓದುವುದಕ್ಕೂ ಮುನ್ನ, ಕನ್ನಡಕ ಹುಡುಕುತ್ತಿರುವಾಗ ಕಳೆದುಕೊಂಡಿತ್ತು.

ನಾನು ಫೋನಿನಲ್ಲಿ ಹೇಳಿಕೊಟ್ಟಿದ್ದು ಹೀಗೆ: ಮೇಲೆ ವಿಳಾಸದ ಪಟ್ಟಿಯ ಎಡತುದಿಯಲ್ಲಿ ಬೀಗದ ಚಿತ್ರವಿದೆ, ಅದನ್ನು ಒತ್ತಿ. ‘ಬೀಗ ಎಲ್ಲೂ ಕಾಣ್ತಿಲ್ಲೆ’ ಎಂದರು ಅತ್ತೆ. ನಾಲ್ಕು ಸಲ ಕೇಳಿದ ಮೇಲೆ ನನಗೆ ನೆನಪಾಯಿತು, ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಬಂದ 117ನೆಯ ಆವೃತ್ತಿಯಿಂದ ಬೀಗವನ್ನು ತೆಗೆದು, ಎರಡು ಗೆರೆಗಳ ಮೇಲೆ ಎರಡು ಸೊನ್ನೆ ಇಟ್ಟಂತಹ ಚಿತ್ರವನ್ನು ಅಲ್ಲಿ ಹಾಕಿದೆ. ಬೀಗವಿದ್ದರೆ ತಾಣ ನಂಬಿಕಸ್ಥವೆಂದು ಜನ ತಪ್ಪು ತಿಳಿಯುತ್ತಿದ್ದರು ಎಂಬುದು ಅದಕ್ಕೆ ಕಾರಣ, ಕಾರಣ ಸರಿಯೇ. ಆದರೆ ‘ಎರಡು ಗೆರೆ, ಎರಡು ಸೊನ್ನೆ’ ಎಂದು ಮಳೆಯ ಸದ್ದಿನ ನಡುವೆ ಎಪ್ಪತ್ತು ದಾಟಿದವರಿಗೆ ಲ್ಯಾಂಡ್‌ಲೈನಿನಲ್ಲಿ ವಿವರಿಸುವ ಕಷ್ಟ ಆ ಚಿತ್ರ ಬರೆದವರಿಗೆ ಬಂದಿರಲಾರದು. ಕೊನೆಗೆ ಆಸ್ಪತ್ರೆಗೆ ನಾನೇ ಕರೆ ಮಾಡಿ ಭೇಟಿಯನ್ನು ಸಂಜೆ ಐದಕ್ಕೆ ಮುಂದೂಡಿಸಿಕೊಂಡು, ರೇನ್‌ಕೋಟು ಹಾಕಿಕೊಂಡು ಬೈಕ್ ಹತ್ತಿದೆ.

ನನ್ನ ಪುಟದ ಕತೆಯನ್ನೂ ಇಲ್ಲಿ ಹೇಳಬೇಕು. ನನ್ನ ಹೆಂಡತಿ ಹಿಂದೂಸ್ತಾನಿ ಗಾಯನ ಕಲಿಸುತ್ತಾಳೆ. ಶಿರಸಿಯ ಮಕ್ಕಳು ಮನೆಗೇ ಬರುತ್ತಾರೆ. ಕುಮಟಾ, ಅಂಕೋಲಾ, ಕಾರವಾರದ ಕೆಲವರು ಘಟ್ಟ ಹತ್ತಿ ವಾರವಾರ ಬರಲಾರರು. ಅವರಿಗಾಗಿ, ಏನನ್ನೂ ಇನ್‌ಸ್ಟಾಲ್ ಮಾಡಿಕೊಳ್ಳದೆ ಲಿಂಕು ಒತ್ತಿದರೆ ಸಾಕು ಪಾಠ ಶುರುವಾಗುವಂತಹ ಪುಟವೊಂದನ್ನು ಬರೆದೆ. ಲ್ಯಾಪ್‌ಟಾಪಿನಲ್ಲಿ ಮೊದಲ ಸಲಕ್ಕೇ ಸರಿಯಾಗಿ ನಡೆಯಿತು. ಮನೆಯ ವೈಫೈನಲ್ಲೇ ಇದ್ದ ನನ್ನ ಫೋನಿನಲ್ಲಿ, ಲ್ಯಾಪ್‌ಟಾಪಿನ ವಿಳಾಸವನ್ನು 192.168 ಎಂದು ಶುರುವಾಗುವ ಅಂಕಿಗಳಲ್ಲಿ ಹೊಡೆದು ತೆರೆದರೆ ಏನೂ ಆಗಲಿಲ್ಲ. ಬ್ರೌಸರು ಅನುಮತಿಯನ್ನೂ ಕೇಳಲಿಲ್ಲ, ನಿರಾಕರಣೆಯ ದೋಷವನ್ನೂ ಕೊಡಲಿಲ್ಲ; ಕ್ಯಾಮೆರಾ ಮೈಕನ್ನು ಕೇಳಲು ಪುಟ ಬಳಸುವ ‘ಮೀಡಿಯಾ ಡಿವೈಸಸ್’ ಎಂಬುದು ಇಲ್ಲವೇ ಇಲ್ಲ ಎಂದಿತು. ಆ ಫೋನಿನ ಕ್ಯಾಮೆರಾ ಕೆಟ್ಟಿರಬೇಕೆಂದುಕೊಂಡು ಹೆಂಡತಿಯ ಫೋನಿನಲ್ಲಿ ನೋಡಿದೆ, ಅಲ್ಲಿಯೂ ಹಾಗೆಯೇ. ಒಂದು ಇಡೀ ಸಂಜೆ ಹೀಗೆ ಹೋಯಿತು.

ಕಾರಣ ಸರಳವಾಗಿತ್ತು. ಸುರಕ್ಷಿತ ಸಂಪರ್ಕ, ಅಂದರೆ ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಬ್ರೌಸರು ಕ್ಯಾಮೆರಾ ಮೈಕುಗಳ ಸುಳಿವನ್ನೇ ಕೊಡುವುದಿಲ್ಲ. ಕ್ರೋಮ್ 2015ರ ಕೊನೆಯಲ್ಲಿ 47ನೆಯ ಆವೃತ್ತಿಯಿಂದಲೇ ಈ ಬಾಗಿಲನ್ನು ಹಾಕಿದೆ. ನಡುದಾರಿಯಲ್ಲಿ ಯಾರೋ ಪುಟವನ್ನು ತಿರುಚಿ, ನಾವು ಬೇರೊಬ್ಬರಿಗೆಂದು ಕೊಟ್ಟ ಅನುಮತಿಯನ್ನು ತಾವು ಬಳಸಿಕೊಳ್ಳಬಾರದು ಎಂಬುದು ಇದರ ಹಿಂದಿನ ಆಲೋಚನೆ. ‘ಲೋಕಲ್‌ಹೋಸ್ಟ್’ ಎಂಬ ವಿಳಾಸಕ್ಕೆ ಮಾತ್ರ ವಿನಾಯಿತಿ ಇದೆ, ಏಕೆಂದರೆ ಅದು ಆ ಯಂತ್ರದ ಒಳಗೇ ಉಳಿಯುವ ಮಾತು. ಲ್ಯಾಪ್‌ಟಾಪಿನಲ್ಲಿ ನಾನು ಪುಟವನ್ನು ತೆರೆದದ್ದು ಆ ವಿಳಾಸದಲ್ಲೇ. ಲ್ಯಾಪ್‌ಟಾಪಿನಲ್ಲಿ ನಡೆದದ್ದು ಫೋನಿನಲ್ಲಿ ನಡೆಯದಿದ್ದುದರ ಗುಟ್ಟು ಇಷ್ಟೇ. ಯುಎಸ್‌ಬಿ ಕೇಬಲಿನಲ್ಲಿ ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕ್ರೋಮಿನ ಪೋರ್ಟ್ ಫಾರ್ವರ್ಡಿಂಗ್ ಸೌಲಭ್ಯದಿಂದ ಫೋನಿಗೂ ಅದು ಲೋಕಲ್‌ಹೋಸ್ಟ್ ಎಂದೇ ಕಾಣುವಂತೆ ಮಾಡಿದ ಮೇಲೆ, ಕೂಡಲೇ ಅನುಮತಿಯ ಪೆಟ್ಟಿಗೆ ಮೂಡಿತು.

ಆ ಸಂತೋಷದಲ್ಲಿ ನಾನು ಮಾಡಿದ ತಪ್ಪು, ಪುಟ ತೆರೆದ ಕೂಡಲೇ ಕ್ಯಾಮೆರಾ ಮತ್ತು ಮೈಕನ್ನು ಒಟ್ಟಿಗೆ ಕೇಳುವಂತೆ ಬರೆದದ್ದು. ಎರಡನ್ನೂ ಒಂದೇ ಸಲ ಕೇಳಿದರೆ ಬ್ರೌಸರು ಒಂದೇ ಪ್ರಶ್ನೆಯಾಗಿ ಕೇಳುತ್ತದೆ. ಕ್ಯಾಮೆರಾ ಬೇಡ, ಮೈಕ್ ಬೇಕಾದರೆ ಇರಲಿ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಕಾರವಾರದ ಕೋಡಿಬಾಗದ ಹುಡುಗಿಯೊಬ್ಬಳು ಮೊದಲ ದಿನ ರಾತ್ರಿಯ ಉಡುಪಿನಲ್ಲಿದ್ದಳಂತೆ. ಕ್ಯಾಮೆರಾ ಎಂಬ ಪದ ಕಂಡದ್ದೇ ಬೆಚ್ಚಿ ಪೆಟ್ಟಿಗೆಯ ಹೊರಗೆ ಒತ್ತಿ ಅದನ್ನು ಓಡಿಸಿದಳು. ಪುಟ ಮತ್ತೆ ತೆರೆದಳು, ಮತ್ತೆ ಓಡಿಸಿದಳು. ಉತ್ತರ ಕೊಡದೆ ಮೂರು ಸಲ ಹೀಗೆ ಪೆಟ್ಟಿಗೆಯನ್ನು ಮುಚ್ಚಿದರೆ ಕ್ರೋಮ್ ಆ ತಾಣಕ್ಕೆ ಒಂದು ವಾರ ಕೇಳುವುದನ್ನೇ ನಿಲ್ಲಿಸುತ್ತದೆ. ಅವಳ ಪಾಠ ಆ ವಾರ ಸಾಮಾನ್ಯ ಫೋನ್ ಕರೆಯಲ್ಲೇ ನಡೆಯಿತು. ಗುರುಗಳ ಗಂಡ ಕಂಪ್ಯೂಟರು ಬಲ್ಲವನೆಂಬ ನಂಬಿಕೆ ಆ ಮನೆಯಲ್ಲಿ ಸ್ವಲ್ಪ ಸಡಿಲವಾಯಿತು.

ಈಗಿನ ಪುಟ ತೆರೆದರೆ ಏನನ್ನೂ ಕೇಳುವುದಿಲ್ಲ. ‘ನಿಮ್ಮ ಹಾಡು ಗುರುಗಳಿಗೆ ಕೇಳಿಸಲು ಮೈಕ್ ಬೇಕು. ಮುಂದಿನ ಗುಂಡಿ ಒತ್ತಿದಾಗ ಫೋನು ಅನುಮತಿ ಕೇಳುತ್ತದೆ’ ಎಂದು ಎರಡು ಸಾಲು ಕನ್ನಡದಲ್ಲಿ ಇದೆ. ಅದರ ಕೆಳಗೆ ‘ಪಾಠ ಶುರು ಮಾಡಿ’ ಎಂಬ ಗುಂಡಿ. ಅದನ್ನು ಒತ್ತಿದಾಗ ಮೈಕನ್ನು ಮಾತ್ರ ಕೇಳುತ್ತದೆ. ಕ್ಯಾಮೆರಾಕ್ಕೆ ಬೇರೆಯೇ ಗುಂಡಿ, ಬೇಕಾದವರು ಒತ್ತಲಿ. ಬ್ರೌಸರಿನ ಪೆಟ್ಟಿಗೆಯೊಳಗಿನ ವಾಕ್ಯವನ್ನು ನಾವು ಬದಲಿಸುವಂತಿಲ್ಲ, ‘ಇಂತಹ ತಾಣ ನಿಮ್ಮ ಮೈಕ್ ಬಳಸಲು ಬಯಸುತ್ತದೆ’ ಎಂಬ ಒಣ ಮಾತಷ್ಟೇ ಅಲ್ಲಿರುತ್ತದೆ. ಏಕೆ ಎಂಬುದನ್ನು ಅದಕ್ಕೂ ಮೊದಲು ನಮ್ಮ ಪುಟವೇ ಹೇಳಬೇಕು. ಈ ಎರಡು ಸಾಲು ಸೇರಿಸಿದ ಮೇಲೆ ನಿರಾಕರಣೆಯ ದೂರು ನನಗೆ ಬಂದಿಲ್ಲ.

ಬೇರೆ ದೂರುಗಳು ಬಂದವು. ಹುಡುಗನೊಬ್ಬ ಅನುಮತಿ ಕೊಟ್ಟಿದ್ದ, ದೋಷವೇನೂ ಬಂದಿರಲಿಲ್ಲ, ಆದರೂ ಅವನ ಧ್ವನಿ ಇತ್ತ ಕೇಳುತ್ತಿರಲಿಲ್ಲ. ಆಂಡ್ರಾಯ್ಡ್ 12ರಿಂದ ಈಚೆಗೆ, ಪರದೆಯ ಮೇಲಿನಿಂದ ಕೆಳಗೆಳೆದಾಗ ಬರುವ ಗುಂಡಿಗಳಲ್ಲಿ ಇಡೀ ಫೋನಿನ ಮೈಕನ್ನೇ ಬಂದ್ ಮಾಡುವ ಗುಂಡಿಯೊಂದನ್ನು ಸೇರಿಸಿಕೊಳ್ಳಬಹುದು. ಅದು ಬಂದ್ ಆಗಿದ್ದರೆ ಆ್ಯಪಿಗೆ ದೋಷ ಹೋಗುವುದಿಲ್ಲ, ಮೌನ ಹೋಗುತ್ತದೆ. ನನ್ನ ಪುಟ ಆ ಮೌನವನ್ನು ನಿಷ್ಠೆಯಿಂದ ಶಿರಸಿಗೆ ಸಾಗಿಸುತ್ತಿತ್ತು. ಅಂದಿನಿಂದ ಗುಂಡಿಯ ಪಕ್ಕದಲ್ಲಿ ಧ್ವನಿಯ ಏರಿಳಿತ ತೋರಿಸುವ ಹಸಿರು ಪಟ್ಟಿಯೊಂದನ್ನು ಇಟ್ಟಿದ್ದೇನೆ. ‘ಸಾ’ ಎಂದಾಗ ಅದು ಕುಣಿಯದಿದ್ದರೆ ಎಲ್ಲೋ ಕಟ್ಟಿದೆ ಎಂದು ಮಗುವಿಗೇ ತಿಳಿಯುತ್ತದೆ. ಇನ್ನೊಬ್ಬರಿಗೆ ‘ನಾಟ್ ರೀಡಬಲ್ ಎರರ್’ ಬರುತ್ತಿತ್ತು, ಹಿನ್ನೆಲೆಯಲ್ಲಿ ಬೇರೊಂದು ಆ್ಯಪು ಕ್ಯಾಮೆರಾವನ್ನು ಹಿಡಿದು ಕುಳಿತಿತ್ತು.

ಐಫೋನಿನವರ ಕತೆ ಬೇರೆ. ಅದರ ಸ್ವಂತ ಬ್ರೌಸರಾದ ಸಫಾರಿಗೆ, ಪುಟಗಳಿಗೆ ಕ್ಯಾಮೆರಾ ಮೈಕು ಕೊಡುವ ಈ ಸೌಲಭ್ಯ ಬಂದದ್ದೇ 2017ರಲ್ಲಿ, ಐಫೋನಿನ ತಂತ್ರಾಂಶವಾದ ಐಓಎಸ್‌ನ 11ನೆಯ ಆವೃತ್ತಿಯೊಂದಿಗೆ. ಅದೇ ಫೋನಿನಲ್ಲಿ ಕ್ರೋಮ್ ಮೊದಲಾದ ಬೇರೆ ಬ್ರೌಸರುಗಳಿಗೆ ಅದು ದೊರೆತದ್ದು 2020ರ ಡಿಸೆಂಬರಿನ ಐಓಎಸ್ 14.3ರಲ್ಲಿ. ಹಳೆಯ ಐಫೋನಿಟ್ಟುಕೊಂಡವರಿಗೆ ಸಫಾರಿಯಲ್ಲೇ ತೆರೆಯಿರಿ ಎಂದು ನಾನು ಹೇಳುವುದು ಇದಕ್ಕಾಗಿ. ವಿಡಿಯೊ ಅಂಶಕ್ಕೆ ‘ಪ್ಲೇಸ್ ಇನ್‌ಲೈನ್’ ಎಂಬ ಗುಣವನ್ನು ಸೇರಿಸದಿದ್ದರೆ ಐಫೋನಿನಲ್ಲಿ ಪಾಠ ಇಡೀ ಪರದೆಯನ್ನು ನುಂಗುತ್ತದೆ ಎಂಬುದನ್ನೂ ಪೆಟ್ಟು ತಿಂದೇ ಕಲಿತೆ. ಇನ್ನು ಕೆಲವು ಆ್ಯಪುಗಳು ಲಿಂಕನ್ನು ತಮ್ಮೊಳಗಿನ ಪುಟ್ಟ ಬ್ರೌಸರಿನಲ್ಲೇ ತೆರೆಯುತ್ತವೆ. ಆಂಡ್ರಾಯ್ಡಿನಲ್ಲಿ, ಆ ಆ್ಯಪು ಬರೆದವರು ಅನುಮತಿಯ ಕೋರಿಕೆಯನ್ನು ನಿಭಾಯಿಸುವ ಸಾಲುಗಳನ್ನು ಬರೆದಿರದಿದ್ದರೆ ಕೋರಿಕೆ ತಾನಾಗಿಯೇ ತಿರಸ್ಕೃತವಾಗುತ್ತದೆ. ಬಳಸುವವರಿಗೆ ಏನೂ ಕಾಣುವುದಿಲ್ಲ.

ಸಂಗೀತದವರಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಮೈಕ್ ಕೇಳುವಾಗ ಪುಟ ಏನೂ ಹೇಳದಿದ್ದರೆ ಬ್ರೌಸರು ಅದನ್ನು ಮಾತಿನ ಮೈಕ್ ಎಂದು ಭಾವಿಸಿ ಮೂರು ಉಪಕಾರಗಳನ್ನು ಮಾಡುತ್ತದೆ: ಪ್ರತಿಧ್ವನಿಯನ್ನು ತೆಗೆಯುತ್ತದೆ, ಗದ್ದಲವನ್ನು ಅಡಗಿಸುತ್ತದೆ, ಧ್ವನಿಯ ಮಟ್ಟವನ್ನು ತಾನೇ ಸಮಮಾಡುತ್ತದೆ. ಗದ್ದಲವೆಂದರೆ ಅದರ ಲೆಕ್ಕದಲ್ಲಿ ಬದಲಾಗದೆ ಒಂದೇ ಸಮನೆ ಬರುವ ಸದ್ದು, ಅಂದರೆ ಫ್ಯಾನು, ಮಳೆ. ತಂಬೂರಿಯೂ ಹಾಗೆಯೇ ಬರುವುದರಿಂದ ಅದನ್ನು ಗದ್ದಲದ ಸಾಲಿಗೆ ಸೇರಿಸಿ ಒರೆಸಿಹಾಕುತ್ತದೆ. ಮಗು ಷಡ್ಜವನ್ನು ಹಿಡಿದು ನಿಂತರೆ ನಾಲ್ಕಾರು ಕ್ಷಣದಲ್ಲಿ ಅದೂ ತೆಳುವಾಗುತ್ತ ಹೋಗುತ್ತದೆ. ‘ಇವಳಿಗೆ ಉಸಿರು ಸಾಲುವುದಿಲ್ಲ’ ಎಂದು ನನ್ನ ಹೆಂಡತಿ ಕುಮಟಾದ ಹುಡುಗಿಯೊಬ್ಬಳ ಬಗ್ಗೆ ಒಂದು ತಿಂಗಳು ಚಿಂತಿಸಿದ್ದಳು. ರಜೆಯಲ್ಲಿ ಆ ಹುಡುಗಿ ಮನೆಗೆ ಬಂದು ಎದುರು ಕುಳಿತು ಹಾಡಿದಾಗ, ಉಸಿರು ಸಾಲದಿದ್ದದ್ದು ನನ್ನ ಪುಟಕ್ಕೆ ಎಂದು ಗೊತ್ತಾಯಿತು. ಈಗ ಮೈಕ್ ಕೇಳುವಾಗಲೇ ಈ ಮೂರೂ ಬೇಡವೆಂದು ಸ್ಪಷ್ಟವಾಗಿ ಹೇಳುತ್ತೇನೆ. ಪ್ರತಿಧ್ವನಿ ತೆಗೆಯುವುದು ನಿಂತ ಮೇಲೆ ಮಕ್ಕಳು ಇಯರ್‌ಫೋನ್ ಹಾಕಿಕೊಳ್ಳಲೇಬೇಕಾಯಿತು, ಇಲ್ಲವಾದರೆ ಗುರುಗಳ ಧ್ವನಿ ಅವರಿಗೇ ಮರಳಿ ಬರುತ್ತದೆ. ಎಲ್ಲ ಬ್ರೌಸರುಗಳೂ ಎಲ್ಲ ಕೋರಿಕೆಗಳನ್ನೂ ಪಾಲಿಸುವುದಿಲ್ಲವಾದ್ದರಿಂದ, ಕೊಟ್ಟದ್ದು ಏನನ್ನು ಎಂದು ‘ಗೆಟ್ ಸೆಟ್ಟಿಂಗ್ಸ್’ ಮೂಲಕ ತಿರುಗಿ ಕೇಳಿ ನೋಡುತ್ತೇನೆ.

ಅತ್ತೆಯ ಮನೆ ತಲುಪಿದಾಗ ನಾಲ್ಕು ದಾಟಿತ್ತು. ಮಧ್ಯಾಹ್ನ ಹೊಳವಾದಾಗ ಅಡಿಕೆ ತೋಟದಲ್ಲಿ ಕೊಳೆರೋಗದ ಔಷಧಿ ಹೊಡೆಯುವವರು ಮರ ಹತ್ತಿದ್ದರಂತೆ, ಮತ್ತೆ ಮಳೆ ಹಿಡಿದು ಜಗುಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಎರಡು ಗೆರೆ ಎರಡು ಸೊನ್ನೆಯ ಚಿತ್ರವನ್ನು ಒತ್ತಿ, ಅನುಮತಿಗಳ ಸಾಲಿನಲ್ಲಿ ಕ್ಯಾಮೆರಾ ಮತ್ತು ಮೈಕನ್ನು ತೆರೆದು, ಪುಟವನ್ನು ಮತ್ತೆ ತಂದೆ. ಆಗ ಇನ್ನೊಂದು ಪೆಟ್ಟಿಗೆ ಬಂತು. ಈಗಷ್ಟೇ ಹೌದೆಂದೆವಲ್ಲ, ಮತ್ತೆ ಯಾರು ಕೇಳುವುದು ಎಂದರು ಅತ್ತೆ. ಮೊದಲು ಕೇಳಿದ್ದು ಬ್ರೌಸರು, ಈ ಪುಟಕ್ಕಾಗಿ. ಈಗ ಕೇಳುತ್ತಿರುವುದು ಫೋನು, ಆ ಬ್ರೌಸರಿಗಾಗಿ. ಅತ್ತೆಯ ಮನೆಗೆ ಹೊರಗೆ ಬೇಲಿಯ ದಣಪೆ ಒಂದು, ಒಳಗೆ ಜಗುಲಿಯ ಬಾಗಿಲು ಒಂದು ಇರುವಂತೆ ಇಲ್ಲಿಯೂ ಎರಡಿವೆ, ಒಂದು ತೆರೆದು ಇನ್ನೊಂದು ಹಾಕಿದ್ದರೆ ಒಳಗೆ ಬರಲಾಗುವುದಿಲ್ಲ ಎಂದೆ. ಇಲ್ಲಿ ಮಾತ್ರ ಮೊದಲು ಬಾಗಿಲು, ಆಮೇಲೆ ದಣಪೆ. ಆಂಡ್ರಾಯ್ಡ್ 11ರಿಂದ ಈಚೆಗೆ ಈ ಎರಡನೆಯ ಪ್ರಶ್ನೆಗೆ ಎರಡು ಸಲ ಬೇಡವೆಂದರೆ ಫೋನೂ ಮುಂದೆ ಕೇಳುವುದಿಲ್ಲ. ಪುಣ್ಯಕ್ಕೆ ಅತ್ತೆ ಅಲ್ಲಿಯವರೆಗೆ ಹೋಗಿರಲಿಲ್ಲ. ‘ಆ್ಯಪ್ ಬಳಸುವಾಗ’, ‘ಈ ಬಾರಿ ಮಾತ್ರ’, ‘ಅನುಮತಿಸಬೇಡಿ’ ಎಂಬ ಮೂರನ್ನೂ ಕನ್ನಡಕ ಹಾಕಿಕೊಂಡು ಓದಿ, ತಾವಾಗಿಯೇ ನಡುವಿನದನ್ನು ಒತ್ತಿದರು.

ವೈದ್ಯರು ಬಂದರು, ಹುಣ್ಣು ತೋರಿಸಿ ಎಂದರು. ಆ ಪುಟ ಮುಂದಿನ ಕ್ಯಾಮೆರಾವನ್ನು ಮಾತ್ರ ಬಲ್ಲದ್ದಾಗಿತ್ತು. ಕ್ಯಾಮೆರಾ ಕೇಳುವಾಗ ‘ಫೇಸಿಂಗ್ ಮೋಡ್’ ಎಂಬಲ್ಲಿ ‘ಯೂಸರ್’ ಬದಲು ‘ಎನ್ವಿರಾನ್‌ಮೆಂಟ್’ ಎಂದು ಬರೆದರೆ ಹಿಂದಿನ ಕ್ಯಾಮೆರಾ ಸಿಗುತ್ತದೆ. ಬದಲಿಸುವ ಗುಂಡಿಯೊಂದನ್ನು ಇಡುವುದು ಅರ್ಧ ದಿನದ ಕೆಲಸ. ಗಾಯ ನೋಡುವುದಕ್ಕೆಂದೇ ಬರೆದ ಪುಟದಲ್ಲಿ ಆ ಗುಂಡಿ ಇರಲಿಲ್ಲವೆಂಬುದಕ್ಕೆ ನನಗೆ ಇಂದಿಗೂ ಸಿಟ್ಟಿದೆ. ನಾನು ಫೋನನ್ನು ತಿರುಗಿಸಿ ಅತ್ತೆಯ ಪಾದದ ಕಡೆ ಹಿಡಿದೆ; ಪರದೆ ನಮಗೆ ಕಾಣುತ್ತಿರಲಿಲ್ಲ, ವೈದ್ಯರು ‘ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಈಗ ಕೆಳಗೆ’ ಎಂದು ಹೇಳುತ್ತಿದ್ದರು, ಔಷಧಿ ಹೊಡೆಯಲು ಬಂದವನೊಬ್ಬ ಎದ್ದು ಬಂದು ಬ್ಯಾಟರಿಯ ಬೆಳಕು ಬಿಟ್ಟ. ಹುಣ್ಣು ಒಣಗುತ್ತಿದೆ, ಅದೇ ಮುಲಾಮು ಇನ್ನು ಹದಿನೈದು ದಿನ ಎಂದರು.

ಕರೆ ಮುಗಿಸಿದ ಮೇಲೂ ಪರದೆಯ ಬಲಮೂಲೆಯಲ್ಲಿ ಹಸಿರು ಚುಕ್ಕೆ ಉಳಿದಿತ್ತು. ಕ್ಯಾಮೆರಾ ಅಥವಾ ಮೈಕ್ ಬಳಕೆಯಲ್ಲಿದೆ ಎಂದು ಆಂಡ್ರಾಯ್ಡ್ 12 ತೋರಿಸುವ ಗುರುತು ಅದು. ಮಾತು ಮುಗಿದರೂ ಪುಟ ತಾನು ಪಡೆದ ಹರಿವನ್ನು ‘ಸ್ಟಾಪ್’ ಎಂದು ಹೇಳಿ ನಿಲ್ಲಿಸಿರಲಿಲ್ಲ. ನನ್ನ ಪುಟದಲ್ಲಿಯೂ ಮೊದಲು ಇದೇ ಆಗಿತ್ತು, ಕುಮಟಾದ ತಾಯಿಯೊಬ್ಬರು ಪಾಠ ಮುಗಿದು ಅರ್ಧ ಗಂಟೆಯಾದರೂ ಚುಕ್ಕೆ ಹೋಗಿಲ್ಲವೆಂದು ಫೋಟೊ ಕಳುಹಿಸಿ ಕೇಳಿದ್ದರು. ಅತ್ತೆಗೆ ಚುಕ್ಕೆಯನ್ನು ತೋರಿಸಿ, ಇದು ಇರುವವರೆಗೆ ಅವರು ಕೇಳುತ್ತಿರಬಹುದು ಎಂದು ಹೇಳಿ, ಪುಟವನ್ನು ಮುಚ್ಚಿದೆ. ಚುಕ್ಕೆ ಆರಿತು.

ಶ್ರಾವಣದಲ್ಲಿ ಎರಡನೆಯ ಭೇಟಿಯಿತ್ತು. ನಾನು ಹೋಗಬೇಕಾಗಲಿಲ್ಲ. ಮುಗಿದ ಮೇಲೆ ಅತ್ತೆ ಲ್ಯಾಂಡ್‌ಲೈನಿನಿಂದ ಕರೆ ಮಾಡಿ, ವೈದ್ಯರು ಏನೆಂದರು ಎಂಬುದಕ್ಕಿಂತ ಮೊದಲು, ‘ಚುಕ್ಕೆ ಹೋತು ಮಾಣಿ’ ಎಂದರು.